ಯೆಸ್ಟಿನ್ ಬೇಕೆಂದೇ ಹೇಳಿದ ತಪ್ಪುಗಳು

ಸೋಮವಾರ ಬೆಳಿಗ್ಗೆ ಹಾಸಿಗೆಯಿಂದ ಏಳುವುದೇ ಯೆಸ್ಟಿನ್ ಪ್ರೊಬರ್ಟನಿಗೆ ಒಂದು ದೊಡ್ಡ ಕೆಲಸ. ಮೊದಲು ಮಗ್ಗುಲಾಗಬೇಕು, ಆಮೇಲೆ ಕಾಲು ಇಳಿಬಿಡಬೇಕು, ಆಮೇಲೆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಬೇಕು. ಅದು ತನ್ನಷ್ಟಕ್ಕೆ ತಾನೇ ಎದ್ದು ಎಷ್ಟೋ ವರ್ಷಗಳಾಗಿದ್ದವು. ಶನಿವಾರ ಆಡಿದ್ದನ್ನು ಮೈ ಸೋಮವಾರ ವಿಚಾರಿಸಿಕೊಳ್ಳುತ್ತದೆ ಎನ್ನುವುದು ರಗ್ಬಿ ಆಡಿದವರಿಗೆಲ್ಲ ಗೊತ್ತು. ಈಚೆಗೆ ಅವನ ಮೈ ಗುರುವಾರದ ತನಕ ವಿಚಾರಿಸುತ್ತಲೇ ಇರುತ್ತಿತ್ತು.

ವೇಲ್ಸಿನ ಕುಮ್ ಹೆಲಿಗ್ ಕಣಿವೆಯಲ್ಲಿ ಅವನನ್ನು ಅರಿಯದವರಿಲ್ಲ. ಗಣಿಗಳು ಮುಚ್ಚಿದ ಮೇಲೆ ಊರಿಗೆ ಉಳಿದದ್ದು ಪ್ರಾರ್ಥನೆಗೆ ಚಾಪೆಲ್ಲು, ಕುಡಿಯಲು ಪಬ್ಬು, ಆಡಲು ರಗ್ಬಿ. ಚಾಪೆಲ್ಲಿಗೂ ಈಗ ಮುದುಕಿಯರೇ ಗತಿ. ಮೀಸೆ ಸರಿಯಾಗಿ ಮೂಡುವ ಮೊದಲೇ ಯೆಸ್ಟಿನ್ ಕ್ಲಬ್ಬಿನಲ್ಲಿ ಸಂಬಳಕ್ಕೆ ಸೇರಿದ. ಸ್ಕ್ರಮ್ಮಿನಲ್ಲಿ ಎಂಟೆಂಟು ಗಂಡಸರು ಹೆಗಲಿಗೆ ಹೆಗಲು ಕೊಟ್ಟು ಒಬ್ಬರನ್ನೊಬ್ಬರು ತಳ್ಳುವಾಗ ಮುಂದಿನ ಸಾಲಿನ ನಟ್ಟನಡುವೆ ನಿಲ್ಲುವವನು ಅವನು. ಎರಡು ಕೈಯೂ ಅಕ್ಕಪಕ್ಕದವರ ಹೆಗಲ ಮೇಲಿರುತ್ತವೆ, ಎದುರಾಳಿಗೆ ಕೊಡಲು ಉಳಿಯುವುದು ತಲೆಯೊಂದೇ. ಒಂದು ಮಧ್ಯಾಹ್ನ ದೇಶದ ತಂಡದ ಕೆಂಪಂಗಿ ತೊಟ್ಟು ಕೊನೆಯ ಹತ್ತು ನಿಮಿಷ ಆಡಿದ್ದನ್ನು ಊರು ಇವತ್ತಿಗೂ ಹೇಳಿಕೊಂಡು ಮೆರೆಯುತ್ತದೆ. ಅವನಿಗೆ ಮಾತ್ರ ಅದರ ನೆನಪಿಲ್ಲ. ಮೈದಾನಕ್ಕಿಳಿದ ಕೂಡಲೇ ಯಾರದೋ ಮೊಣಕಾಲು ಕಪಾಳಕ್ಕೆ ಬಿದ್ದಿತ್ತು.

ಇಂಥ ಎಷ್ಟೋ ಪೆಟ್ಟು ಬಿದ್ದರೂ ವೈದ್ಯರು ಅವನನ್ನು ಆಟ ಬಿಡಿಸಿ ಮನೆಗೆ ಕಳಿಸಲಿಲ್ಲ. ಅದರ ಹಿಂದೆ ಒಂದು ಕತೆಯಿದೆ. ಪ್ರತಿ ಬೇಸಿಗೆ, ಪಂದ್ಯಗಳು ಶುರುವಾಗುವ ಮೊದಲು, ಆಟಗಾರರಿಗೆಲ್ಲ ಒಂದು ಪರೀಕ್ಷೆ ಮಾಡುತ್ತಾರೆ. ಹತ್ತು ಪದ ಓದಿ ಹೇಳುತ್ತಾರೆ, ಅವನ್ನು ತಿರುಗಿ ಒಪ್ಪಿಸಬೇಕು. ಅಂಕಿಗಳನ್ನು ಕೊನೆಯಿಂದ ಮೊದಲಿಗೆ ಹೇಳಬೇಕು, ಒಂಟಿ ಕಾಲಿನಲ್ಲಿ ನಿಲ್ಲಬೇಕು. ಆಮೇಲೆ ತಲೆಗೆ ಪೆಟ್ಟಾದಾಗ ಮತ್ತೆ ಅದೇ ಪರೀಕ್ಷೆ ಮಾಡಿ, ಬೇಸಿಗೆಯ ಅಂಕದ ಜೊತೆ ಹೋಲಿಸಿ ನೋಡುತ್ತಾರೆ. ಯೆಸ್ಟಿನ್ ಸೇರಿದ ವರ್ಷ ಡೆಲ್ವಿನ್ ಎಂಬ ಹಳೇ ಹುಲಿ ಅವನನ್ನು ಬಚ್ಚಲಿನ ಬಳಿ ಹಿಡಿದು ನಿಲ್ಲಿಸಿದ್ದ.

"ಲೇ ತಮ್ಮಾ, ಆ ಪರೀಕ್ಷೇಲಿ ಎಲ್ಲಾ ಸರಿಯಾಗಿ ಹೇಳ್ಬಿಟ್ಟೀಯ, ಜೋಕೆ."

"ಯಾಕಣ್ಣ?"

"ಬೇಸಿಗೇಲಿ ಜಾಣ ಆದೋನು ಚಳಿಗಾಲದಲ್ಲಿ ಮನೇಲಿ ಕೂರ್ತಾನೆ. ಈಗ್ಲೇ ದಡ್ಡ ಆಗಿದ್ರೆ ಆಮೇಲೆ ಇಳಿಯೋಕೆ ಏನಿರುತ್ತೆ ಹೇಳು?"

ಇದನ್ನು ಮೋಸವೆಂದು ಅಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಬೂಟಿನ ದಾರ ಬಿಗಿಯುವ ಹಾಗೆ ಅದೂ ಕಸುಬಿನ ಒಂದು ಭಾಗ. ಎಲ್ಲರೂ ಒಂದೆರಡು ತಪ್ಪು ಹೇಳಿದರೆ ಯೆಸ್ಟಿನ್ ಆರು ಪದ ನುಂಗಿಬಿಡುತ್ತಿದ್ದ. ಹತ್ತೂ ನಾಲಿಗೆಯ ತುದಿಯಲ್ಲೇ ಇರುತ್ತಿದ್ದವು, ಆದರೂ ಬಾಯಿ ಬಿಟ್ಟುಕೊಂಡು ಸೂರು ನೋಡುತ್ತಿದ್ದ. ಪ್ರತಿ ವರ್ಷವೂ ಅಷ್ಟೇ ದಡ್ಡನಾಗಿ ಕಾಣುವುದಕ್ಕೆ ಎಂಥ ಬುದ್ಧಿ ಬೇಕು, ನೀವೇ ಯೋಚಿಸಿ. ತಲೆಯೊಳಗೆ ಬರೀ ನೀರು ಎಂದು ತಂಡದವರು ಅವನಿಗೆ ಮೂಲಂಗಿ ಎಂದು ಹೆಸರಿಟ್ಟರು. ಮೂಲಂಗಿ ಒಳಗೊಳಗೇ ನಗುತ್ತಿದ್ದ. ಒಂದು ಶನಿವಾರವೂ ಹೊರಗೆ ಕೂರದೆ ಹೊಟ್ಟೆಪಾಡು ನಡೆಸಿದ್ದ.

ಈ ಚಳಿಗಾಲದಲ್ಲಿ ಆ ನಗು ನಿಂತುಹೋಯಿತು. ಚೆಂಡು ಗೆರೆಯಾಚೆ ಹೋದಾಗ ಅದನ್ನು ಒಳಗೆಸೆಯುವುದೂ ಅವನದೇ ಕೆಲಸ. ಯಾರಿಗೆ ಎಸೆಯಬೇಕೆಂದು ಗುಟ್ಟಿನ ಮಾತಿನಲ್ಲಿ ಕೂಗುತ್ತಾರೆ, ಆ ಮಾತು ವಾರಕ್ಕೊಮ್ಮೆ ಬದಲಾಗುತ್ತದೆ. ಕೂಗು ಕಿವಿಗೆ ಬೀಳುತ್ತಿತ್ತು, ಅರ್ಥ ಮಾತ್ರ ಹೊಳೆಯುತ್ತಿರಲಿಲ್ಲ. ಅವನು ತೋಚಿದ ಕಡೆ ಎಸೆಯುತ್ತಿದ್ದ.

"ಮೂಲಂಗಿ, ನಮ್ಮೋರು ನೀಲಿ ಅಂಗಿ ಕಣೋ," ಎಂದು ಬೇಲಿಯಾಚೆಯಿಂದ ಯಾರೋ ಕೂಗುತ್ತಿದ್ದರು. ಜನ ನಗುತ್ತಿದ್ದರು. ಮಗಳನ್ನು ಕರೆತರಲು ಹೋದವನು ಶಾಲೆ ದಾಟಿ ಎರಡು ಊರು ಮುಂದೆ ಹೋಗಿ, ಯಾಕೆ ಬಂದೆ ಎಂದು ತಿಳಿಯದೆ ಕಾರಿನಲ್ಲೇ ಕೂತಿದ್ದೂ ಉಂಟು.

ಇಷ್ಟರಲ್ಲಿ ತರಬೇತುದಾರ ಗ್ವಿಲಿಮ್, ಇನ್ನೊಂದು ವರ್ಷ ಆಡು ಎಂದ. ಯೆಸ್ಟಿನ್ನನಿಗೆ ಬೇಡವಾಗಿತ್ತು. ದೇವರಾಣೆಗೂ ಸಾಕಾಗಿತ್ತು. ಆದರೆ ಸಾಕು ಎನ್ನುವ ಮಾತು ಅವನ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ, ಬೇರೆ ಯಾರಾದರೂ ಹೇಳಬೇಕಿತ್ತು. ಅದಾದ ಮೇಲಿನ ಸೋಮವಾರ ತಲೆಯನ್ನು ಕೈಯಲ್ಲಿ ಹಿಡಿದು ಕೂತಿದ್ದಾಗ ಒಂದು ಯೋಚನೆ ಬಂತು. ವೈದ್ಯರ ಬಳಿ ಹೋಗುವುದು, ಜೀವನದಲ್ಲಿ ಮೊದಲ ಸಲ ಪರೀಕ್ಷೆಯನ್ನು ನಿಯತ್ತಾಗಿ ಕೊಡುವುದು, ಅವರು ನಿಲ್ಲಿಸು ಅಂದರೆ ನಿಲ್ಲಿಸುವುದು. ಇಷ್ಟು ಒಳ್ಳೆಯ ಯೋಚನೆ ತನಗೆ ಬಂದದ್ದಕ್ಕೆ ಅವನಿಗೇ ಸಮಾಧಾನವಾಯಿತು.

ಕ್ಲಬ್ಬಿನ ವೈದ್ಯೆ ನೆರಿಸ್ ಈ ವರ್ಷವಷ್ಟೇ ಬಂದವಳು. ಮಂಗಳವಾರ ಹತ್ತು ಪದ ಓದಿದಳು. ಯೆಸ್ಟಿನ್ ಕಣ್ಣು ಮುಚ್ಚಿ ಹುಡುಕಿದ. ಕುದುರೆ ಸಿಕ್ಕಿತು, ಬೆಣ್ಣೆ ಸಿಕ್ಕಿತು. ಸ್ಕ್ರಮ್ಮಿನಲ್ಲೂ ಅವನು ಅಷ್ಟು ಬೆವರಿದ್ದಿಲ್ಲ. ನಾಲ್ಕಕ್ಕೆ ನಿಂತುಹೋಯಿತು.

ನೆರಿಸ್ ಕಂಪ್ಯೂಟರಿನ ಪರದೆ ನೋಡಿ ನಕ್ಕಳು. "ಒಳ್ಳೇ ಸುದ್ದಿ ಯೆಸ್ಟಿನ್. ಸುಮ್ನೆ ಹೆದರಿದ್ರಿ. ಮೊದಲಿಂದ್ಲೂ ನಿಮ್ಮ ಅಂಕ ಇಷ್ಟೇ. ಒಂಚೂರೂ ಇಳಿದಿಲ್ಲ. ಶನಿವಾರ ಆರಾಮಾಗಿ ಆಡಿ."

ಅವನು ಏಳಲಿಲ್ಲ.

"ಡಾಕ್ಟ್ರೇ, ಅವೆಲ್ಲ ಸುಳ್ಳು."

"ಯಾವುದು?"

"ಹಿಂದಿನವು. ಬೇಕಂತ್ಲೇ ತಪ್ಪು ಹೇಳ್ತಿದ್ದೆ. ಇವತ್ತಿಂದು ಒಂದೇ ನಿಜ."

ಅವಳ ನಗು ಆರಿತು. ಕುರ್ಚಿ ತಿರುಗಿಸಿ ಅವನೆದುರು ಕೂತಳು. "ಹಾಗಾದ್ರೆ ಮೊದಲು ನಿಜವಾಗಿ ಎಷ್ಟು ನೆನಪಿರ್ತಿತ್ತು?"

"ಎಲ್ಲಾ ಅನ್ಸುತ್ತೆ." ಬೆವರು ಒರೆಸಿಕೊಂಡು, "ಗೊತ್ತಿಲ್ಲ," ಎಂದ.

"ದೊಡ್ಡಾಸ್ಪತ್ರೆಗೆ ಕಳಿಸ್ತೀನಿ. ಅಲ್ಲೀವರೆಗೂ ಆಡೋ ಹಾಗಿಲ್ಲ. ಆದ್ರೆ ಎಷ್ಟು ಹೋಗಿದೆ ಅಂತ ಅಳೆಯೋಕೆ ನನ್ನ ಹತ್ರ ಏನೂ ಇಲ್ವಲ್ಲ. ಎಲ್ಲಾ ನೀವೇ ಅಳಿಸಿಹಾಕಿದ್ದೀರಿ." ಬೈಯುವ ದನಿಯಿರಲಿಲ್ಲ, ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. "ನಿಮ್ಮ ತಲೆ ಮೊದಲು ಹೇಗಿತ್ತು ಅಂತ ಬಲ್ಲೋರು ಯಾರಾದ್ರೂ ಇದ್ದಾರಾ?"

"ಹೆಂಡ್ತಿ ಇದ್ದಾಳೆ."

"ಅವರನ್ನ ಕೇಳಿ."

ಮನೆಗೆ ಬಂದಾಗ ಹೆಂಡತಿ ಲೌರಿ ಕುರಿಮಾಂಸದ ಸಾರಿಗೆ ಗೆಡ್ಡೆ ಹೆಚ್ಚುತ್ತಿದ್ದಳು. ಒದ್ದೆ ಕೋಟನ್ನೂ ಬಿಚ್ಚದೆ ಅವನು ಕುರ್ಚಿಯಲ್ಲಿ ಕುಸಿದ. "ಲೌರಿ, ನಿನಗೊಂದು ವಿಷಯ ಹೇಳ್ಬೇಕು. ಇಷ್ಟು ವರ್ಷ ನಿನ್ನ ಹತ್ರಾನೂ ಮುಚ್ಚಿಟ್ಟಿದ್ದೆ. ಬೈಬೇಡ."

ಡೆಲ್ವಿನ್ ಬಚ್ಚಲಿನ ಬಳಿ ಹಿಡಿದು ನಿಲ್ಲಿಸಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದ. ಅವಳು ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು, ಪೆಟ್ಟು ತಿಂದು ತಿಂದು ಹೂಕೋಸಿನಂತೆ ಮುದುಡಿದ ಅವನ ಕಿವಿಯ ಮೇಲೆ ಕೈಯಿಟ್ಟಳು.

"ಇದನ್ನ ಭಾನುವಾರ ಹೇಳಿದ್ಯಲ್ಲೋ."

"ಯಾವ ಭಾನುವಾರ?"

"ಮೊನ್ನೆ. ಇದೇ ಕುರ್ಚೀಲಿ ಕೂತ್ಕೊಂಡು. ಡಾಕ್ಟ್ರ ಹತ್ರ ಹೋಗು, ಒಂದ್ಸಲನಾದ್ರೂ ಪರೀಕ್ಷೆ ನಿಯತ್ತಾಗಿ ಕೊಡು ಅಂತ ನಾನೇ ಅಲ್ವಾ ಕಳಿಸಿದ್ದು." ಅವಳು ಅವನ ಒದ್ದೆ ಕೋಟಿನ ಗುಂಡಿ ಬಿಚ್ಚತೊಡಗಿದಳು. "ಕ್ರಿಸ್ಮಸ್ ದಿನಾನೂ ಹೇಳಿದ್ದೀಯ. ಹೀಗೇ, ಮೊದಲನೇ ಸಲ ಹೇಳ್ತಿರೋ ಹಾಗೇ."

ತಮಾಷೆ ಇರಬಹುದೇ ಎಂದು ಅವನು ಅವಳ ಮುಖವನ್ನು ತುಂಬ ಹೊತ್ತು ನೋಡಿದ. ಭಯವಾಯಿತು. ಎಷ್ಟು ದೊಡ್ಡ ಗಂಡಸು ಎದುರು ನಿಂತಾಗಲೂ ಅವನಿಗೆ ಹಾಗಾಗಿರಲಿಲ್ಲ.

"ಆಗ ನಾನು ಆಟ ಬಿಡ್ತೀನಿ ಅಂದ್ನಾ?"

"ಎರಡು ಸಲಾನೂ ಅಂದಿದ್ದೀಯ."

"ಫೋನ್ ಕೊಡು," ಎಂದ ಯೆಸ್ಟಿನ್. "ಗ್ವಿಲಿಮ್‌ಗೆ ಈಗ್ಲೇ ಹೇಳಿಬಿಡ್ತೀನಿ. ನೀನು ಇಲ್ಲೇ ಕೂತಿರು, ಹೇಳಿ ಮುಗಿಸೋವರೆಗೂ ಏಳ್ಬೇಡ."