ಸೊಪ್ಪು ಬಿಡಿಸುವ ಹೊತ್ತಿನ ಸಂದರ್ಶನ

ಲಾಕ್‌ಡೌನಿನ ಕಾರಣ ಕೌಲಾಲಂಪುರದ ಮಗಳ ಮನೆಯಲ್ಲೇ ಉಳಿಯಬೇಕಾದ ನಾನು, ಆಟಿಸಂ ಇರುವ ಆರು ವರ್ಷದ ಮೊಮ್ಮಗಳಿಗೆ ಶಾಲೆ ಹುಡುಕುವ ಕಷ್ಟವನ್ನು ಕಣ್ಣಾರೆ ಕಂಡೆ. ಸಂದರ್ಶನಗಳೆಲ್ಲ ಲ್ಯಾಪ್‌ಟಾಪಿನಲ್ಲೇ ನಡೆಯುತ್ತಿದ್ದವು. ಮೊದಲ ಶಾಲೆಯ ಮುಖ್ಯಸ್ಥೆ, ಮಗು ತಮ್ಮ ಮುಖವನ್ನೇ ನೋಡುತ್ತಿಲ್ಲವೆಂದು ನಾಲ್ಕು ನಿಮಿಷದಲ್ಲಿ ಮಾತು ಮುಗಿಸಿದರು. ಎರಡನೆಯ ಶಾಲೆಯಾಕೆ, ಅಜ್ಜಿಯನ್ನು ಆಚೆ ಕಳಿಸಿ ಎಂದು ನನ್ನೆದುರಿಗೇ ಹೇಳಿದರು. ಹಾಗೆ ಹೇಳುವಾಗ ಅವರು ಬಿಸ್ಕತ್ತು ಅಗಿಯುತ್ತಿದ್ದುದನ್ನೂ ನಾನು ಮರೆತಿಲ್ಲ.

ಪಕ್ಕದೂರು ಪೆಟಾಲಿಂಗ್ ಜಯಾದ ಸಣ್ಣ ಶಾಲೆಯ ಸರದಿ ಬಂದಾಗ ಮಗಳೇ ನನ್ನನ್ನು ಅಡುಗೆಮನೆಗೆ ಕಳಿಸಿದಳು. "ಅಮ್ಮಾ, ಪ್ಲೀಸ್, ಇವತ್ತು ಮಾತ್ರ ಕಾಣಿಸ್ಕೋಬೇಡ." ಆ ಮಾತನ್ನೂ ನೆನಪಿಟ್ಟುಕೊಂಡು ಮೆಂತ್ಯದ ಸೊಪ್ಪು ಬಿಡಿಸತೊಡಗಿದೆ. ಆದರೆ ದಿನವೂ ಆ ಹೊತ್ತಿಗೆ ನನ್ನೊಡನೆ ಸೊಪ್ಪು ಬಿಡಿಸುವವಳು ಮೊಮ್ಮಗಳು. ಅವಳು ಕುರ್ಚಿಯಿಂದಿಳಿದು ನೇರವಾಗಿ ಬಂದು ಪಕ್ಕದಲ್ಲಿ ಕುಳಿತಳು. ಮಗಳು ಲ್ಯಾಪ್‌ಟಾಪ್ ಎತ್ತಿಕೊಂಡು ಹಿಂದೆಯೇ ಓಡಿಬಂದು ಕ್ಷಮೆ ಕೇಳಿದಳು.

ತೆರೆಯ ಮೇಲಿನ ತಮಿಳು ಶಿಕ್ಷಕಿ ನಕ್ಕು, ನನ್ನನ್ನು ತಮ್ಮ ಭಾಷೆಯಲ್ಲಿ ಅಜ್ಜಿ ಎಂದು ಕರೆದರು. "ನೋ ನೀಡ್ ಸಾರಿ ಲಾ. ಪಾಟಿ, ಯು ಕಂಟಿನ್ಯೂ."

ಮೊಮ್ಮಗಳು ಒಂದೊಂದೇ ಎಲೆ ಕಿತ್ತು ಬುಟ್ಟಿಗೆ ಹಾಕಿದಳು. ಹಳದಿ ಎಲೆ ಸಿಕ್ಕಿದಾಗಲೆಲ್ಲ ನನ್ನ ಮುಖ ನೋಡಿ, ನಾನು ತಲೆಯಾಡಿಸಿದ ಮೇಲೆ ಬೇರೆಯಿಟ್ಟಳು. ಇಡೀ ಕಟ್ಟು ಮುಗಿಯುವವರೆಗೂ ಆ ಶಿಕ್ಷಕಿ ನಮ್ಮಿಬ್ಬರನ್ನೂ ನೋಡುತ್ತಲೇ ಇದ್ದರು. ಬಳಿಕ, ಸೀಟು ಕೊಡುವುದಾಗಿಯೂ ಶಾಲೆ ತೆರೆದ ಮೊದಲ ವಾರ ಅಜ್ಜಿಯೂ ಬರಲೇಬೇಕೆಂದೂ ಹೇಳಿದರು.

ಶಾಲೆ ತೆರೆದಾಗ ಮಾಸ್ಕ್ ಧರಿಸಿ ಒಂದು ವಾರ ಅವಳ ಪಕ್ಕದ ಪುಟ್ಟ ಕುರ್ಚಿಯಲ್ಲಿ ಕುಳಿತೆ. ಮರುವಾರ ಅವಳು ನನ್ನನ್ನು ಗೇಟಿನಲ್ಲೇ ಬಿಟ್ಟು, ತಿರುಗಿಯೂ ನೋಡದೆ ತರಗತಿಗೆ ನಡೆದಳು. ನಾನು ಸಮಾಧಾನದಿಂದ ಮನೆಗೆ ಬಂದೆ.