ದುರ್ಗಿ ಸುತ್ತಿದ ಹಿಡಿ

ನಿಲ್ಕುಂದದ ದುರ್ಗಿ ಕತ್ತಿಯ ಹಿಡಿಗೆ ಚರ್ಮ ಸುತ್ತುವುದರಲ್ಲಿ ಎಷ್ಟು ಗಟ್ಟಿಗಿತ್ತಿಯೋ ಮಾತಿನಲ್ಲೂ ಅಷ್ಟೇ. ಒಮ್ಮೆ ಹೆಗಡೆಕಟ್ಟಾದ ವೆಂಕಟ್ರಮಣ ಹೆಗಡೆಯವರು ಬೈಕು ಆರಿಸದೆಯೇ ಕತ್ತಿಯನ್ನು ಜಗುಲಿಯ ಮೇಲಿಟ್ಟು, "ದುರ್ಗಿ, ಹಿಡಿ ಸುತ್ತಿ ಇಟ್ಟಿರು, ನಾಳೆ ಬಂದು ತಗಂಡು ಹೋಗ್ತೆ" ಎಂದರು.

"ಕತ್ತಿ ಬಿಟ್ಟು ಹೋದ್ರೆ ನಾ ಎಂತ ಮಾಡ್ಲಿ ಹೆಗ್ಡೇರೆ? ಕೈ ಬಿಟ್ಟು ಹೋಗಿ" ಎಂದಳು ದುರ್ಗಿ.

ಹೆಗಡೆಯವರು ನಕ್ಕು ಬೈಕಿನಿಂದ ಇಳಿದರು. ಮಧ್ಯಾಹ್ನದವರೆಗೆ ಒದ್ದೆ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು, ಪೂಜೆಗೆ ಸಂಕಲ್ಪ ಮಾಡಿ ಕೂತವರ ಹಾಗೆ ಅಲ್ಲಾಡದೆ ಕೂತರು. ದುರ್ಗಿಯ ಕೆಲಸದ ಕ್ರಮವೇ ಅದು. ಎಮ್ಮೆ ಚರ್ಮವನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ, ಪಟ್ಟಿ ಕತ್ತರಿಸಿ, ಮರದ ಹಿಡಿಗೆ ಬಿಗಿದು ಸುತ್ತಿ ದಬ್ಬಣದಿಂದ ಹೊಲಿಯುತ್ತಾಳೆ. ಆಮೇಲೆ ಕತ್ತಿಯ ಯಜಮಾನ ಅದನ್ನು ಹಿಡಿದು ಕೂರಬೇಕು. ಚರ್ಮ ಒಣಗುತ್ತ ಕುಗ್ಗುವಾಗ ಅವನ ಬೆರಳುಗಳ ಗುಳಿ ಅದರಲ್ಲಿ ಕೂತುಬಿಡುತ್ತದೆ. ಅಂಥ ಹಿಡಿ ಮರದ ಮೇಲೆ ಜಾರುವುದಿಲ್ಲ, ಅಂಗೈಯಲ್ಲಿ ಬೊಕ್ಕೆ ಏಳಿಸುವುದಿಲ್ಲ, ಬೇರೆಯವರ ಕೈಗೆ ಒಗ್ಗುವುದೂ ಇಲ್ಲ.

ಈ ವಿದ್ಯೆ ಅವಳಿಗೆ ಬಂದದ್ದು ಶಿರಸಿಯ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುತ್ತಿದ್ದ ಮುರಿಗೆವ್ವನಿಂದ. ಹಾವೇರಿ ಕಡೆಯ ಹೆಂಗಸು. ಕೈ ಹಿಡಿದು ಕಲಿಸಿದಳು, ಒಂದು ಎಚ್ಚರಿಕೆಯನ್ನೂ ಹೇಳಿದಳು. "ಒದ್ದಿ ಹಿಡಿ ಖಾಲಿ ಬಿಡಬ್ಯಾಡವ್ವ. ಕೈ ಇಲ್ಲದ್ದು ಕೈ ಕರೀತೈತಿ." ದುರ್ಗಿ ಕಲಿತು ಊರಿಗೆ ಬಂದಾಗ, ನಮ್ಮಲ್ಲಿ ಹೆಂಗಸರು ಚರ್ಮ ಮುಟ್ಟಿದ್ದುಂಟೇ ಎಂದು ನಾಲ್ಕು ಜನ ಮೂಗು ಮುರಿದರು. "ಹಬ್ಬದಾಗೆ ಡೊಳ್ಳು ಬಡೀತ್ರಲ, ಅದೆಂತ ಬಾಳೆಲೆಯಾ?" ಎಂದು ದುರ್ಗಿ ಕೇಳಿದ ಮೇಲೆ ಆ ಮೂಗುಗಳೆಲ್ಲ ನೆಟ್ಟಗಾದವು. ಆಮೇಲೆ ಅವರ ಕತ್ತಿಗಳೇ ಮೊದಲು ಬಂದವು.

ಅವಳು ಸುತ್ತಿದ ಮೊದಲ ಹಿಡಿ ಮಾತ್ರ ಗಂಡ ಕೆರಿಯನದು. ಕಬ್ಬಿನ ಗಾಣಕ್ಕೆ ಸಿಕ್ಕಿ ಅವನ ಉಂಗುರದ ಬೆರಳು ತುದಿಯಲ್ಲಿ ಮೊಂಡಾಗಿತ್ತು. ಹಿಡಿಯಲ್ಲಿ ಮೂರು ಉದ್ದ ಗುಳಿ, ನಡುವೆ ಒಂದು ಗಿಡ್ಡ ಗುಳಿ ಬಿದ್ದಿತ್ತು. ಮೂರು ವರ್ಷದ ಹಿಂದೆ, ಆಷಾಢದ ಮಳೆಯಲ್ಲಿ ಅವನು ಉಪ್ಪಾಗೆ ಕಾಯಿ ಕೊಯ್ಯಲು ಕಾಡಿಗೆ ಹೋದ. ಮರಳಿ ಬಂದದ್ದು ಕತ್ತಿಯೊಂದೇ. ಹಳ್ಳದ ದಡದ ಮರಕ್ಕೆ ಕಚ್ಚಿಕೊಂಡಿದ್ದನ್ನು ಅವನ ತಮ್ಮ ಮಾದೇವ ಕಿತ್ತು ತಂದಿದ್ದ. ಹಳ್ಳ ಜಾಲಾಡಿದರು, ಪೊಲೀಸರಿಗೆ ಹೇಳಿದರು, ದೇವರಲ್ಲಿ ಹೂವಿನ ಪ್ರಸಾದ ಕೇಳಿದರು. ಪೊಲೀಸರೂ ದೇವರೂ ನೋಡೋಣ ಎಂದರು.

ದುರ್ಗಿ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಕತ್ತಿಯನ್ನು ಒಳಗಿನ ಬಾಗಿಲ ಪಕ್ಕ ಮೊಳೆಗೆ ನೇತುಹಾಕಿದಳು. ಅದು ಗಾಳಿಯಿಲ್ಲದ ಹೊತ್ತಿನಲ್ಲೂ ಒಮ್ಮೊಮ್ಮೆ ಗೋಡೆಗೆ ಟಕ್ಕೆಂದು ತಾಗುತ್ತಿತ್ತು. ಕೆರಿಯ ಮನೆಗೆ ಬಂದಾಗ ಬಾಗಿಲ ಚೌಕಟ್ಟಿಗೆ ಕತ್ತಿಯಿಂದ ಹಾಗೇ ತಟ್ಟುತ್ತಿದ್ದ. ಸದ್ದಾದಾಗಲೆಲ್ಲ ಮಗಳು ತನುಜಾ ಊಟದ ತಟ್ಟೆಯಿಂದ ತಲೆ ಎತ್ತುತ್ತಿದ್ದಳು. ದುರ್ಗಿ ಅವಳಿಗೆ ಇನ್ನೊಂದು ಸೌಟು ಸಾರು ಬಡಿಸುತ್ತಿದ್ದಳು. ಮಾಡಿನ ಕೆಳಗೆ ಮಲಗುತ್ತಿದ್ದ ನಾಯಿ ಮಾತ್ರ ಒಳಬಾಗಿಲು ದಾಟುವುದನ್ನು ಬಿಟ್ಟಿತ್ತು.

ಈ ವರ್ಷ ತನುಜಾಳಿಗೆ ನಂದೊಳ್ಳಿಯ ಸಂಬಂಧ ಕೂಡಿಬಂತು. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಮಾದೇವ ಬಂದು ಜಗುಲಿಯಲ್ಲಿ ಕೂತ. ಒಳ್ಳೆಯ ಮನುಷ್ಯ, ಅತ್ತಿಗೆಯ ಎದುರು ದನಿ ಎತ್ತಿದವನಲ್ಲ.

"ಅತ್ಗೆ, ಹುಡುಗನ ಕಡೆಯವ್ರು ಕೇಳ್ತಾರೆ, ಅಪ್ಪ ಇದ್ದಾನೋ ಇಲ್ವೋ ಅಂತ. ಎಂತ ಹೇಳದು?"

"ಕೆಲಸಕ್ಕೆ ಹೋಗಿದಾರೆ ಅನ್ನು."

"ಮೂರು ವರ್ಷದ ಕೆಲಸ ಎಂತದು ಅತ್ಗೆ?" ಮಾದೇವ ತಲೆ ತಗ್ಗಿಸಿದ. "ಸೂತಕ ಕಳೀದೆ ಮನೇಲಿ ಚಪ್ಪರ ಹಾಕೂಕೆ ಆಗದಿಲ್ಲ ಅಂತಾರೆ ಹಿರೀರು. ಮೈ ಸಿಗ್ಲಿಲ್ಲ ಅಂದ್ರೆ ಕತ್ತಿ ಹಿಡಿ ಬಿಚ್ಚಿ ಮಣ್ಣು ಮಾಡದು ಮೊದ್ಲಿಂದ ಅದೆ. ನಾ ಸಂಜೆ ಬರ್ತೆ, ಬಿಚ್ಚಿ ಇಟ್ಟಿರು."

ಮಾದೇವ ಹೋದ ಮೇಲೆ ದುರ್ಗಿ ಮೊಳೆಯಿಂದ ಕತ್ತಿ ಇಳಿಸಿದಳು. ಬಿಚ್ಚಿದರೆ ಗಂಡ ಸತ್ತ. ಬಿಚ್ಚದಿದ್ದರೆ ಮಗಳ ಮದುವೆ ನಿಂತಿತು. ಇವೆರಡರ ನಡುವೆ ಅವಳಿಗೊಂದು ಉಪಾಯ ಹೊಳೆಯಿತು. ಹಳೆಯ ಚರ್ಮದ ಮೇಲೆಯೇ ಹೊಸದು ಸುತ್ತುವುದು. ಸಂಜೆ ಮಾದೇವನ ಕಣ್ಣೆದುರೇ ಮೇಲಿನದನ್ನು ಬಿಚ್ಚಿ ಕೊಡುವುದು. ಬೆವರಿಗೆ ಕಪ್ಪಾದ ಹಳೆಯದು ಮಬ್ಬಿನಲ್ಲಿ ಬರೀ ಮರದ ಹಾಗೆ ಕಾಣುತ್ತದೆ, ಕೆರಿಯನ ಹಿಡಿತ ಒಳಗೆ ಹಾಗೆಯೇ ಉಳಿಯುತ್ತದೆ. ಮಣ್ಣಿಗೆ ಒಂದು ಚರ್ಮದ ತುಂಡು ಹೋದರೆ ಯಾರಿಗೇನು ನಷ್ಟ?

ನೆನೆಸಿಟ್ಟ ಚರ್ಮವಿತ್ತು. ಕೂತು ಸುತ್ತಿದಳು. ಗುಳಿಗಳು ಮೇಲೆ ಕಾಣದ ಹಾಗೆ ಅಡಿಯಲ್ಲಿ ಹತ್ತಿ ತುಂಬಿ, ಮೇಲೆ ದಪ್ಪ ಪಟ್ಟಿ ಎಳೆದು ಹೊಲಿದಳು. ಹಿಡಿ ಕೋಲಿನ ಹಾಗೆ ನುಣ್ಣಗಾಯಿತು. ಅಷ್ಟರಲ್ಲಿ ಸಿದ್ದಾಪುರದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ತನುಜಾಳ ಫೋನು ಬಂದು ಅರ್ಧಕ್ಕೆ ಕಡಿಯಿತು. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಒದ್ದೆ ಹಿಡಿಯನ್ನು ಖಾಲಿ ಬಿಡಬಾರದೆಂಬುದು ಮರೆತಿತ್ತೋ, ಮರೆಯಲೆಂದೇ ಎದ್ದಳೋ, ಕತ್ತಿಯನ್ನು ಜಗುಲಿಯ ಮೇಲಿಟ್ಟು ಹಿಂದಿನ ದಿಬ್ಬ ಹತ್ತಿದಳು.

ಮಾತು ಲಂಬಿಸಿತು. ಇಳಿದು ಬರುವಾಗ ಉರಿಬಿಸಿಲು. ಅಂಗಳದಲ್ಲಿ ನಾಯಿ ಕಾಣಲಿಲ್ಲ. ಜಗುಲಿಯ ಮೇಲೆ ಕತ್ತಿ ಇಟ್ಟಲ್ಲೇ ಇತ್ತು. ಹಿಡಿಯ ಮೇಲೆ ಬೆರಳು ಮೂಡಿದ್ದವು. ಮೂರು ಉದ್ದ, ನಡುವೆ ಒಂದು ಗಿಡ್ಡ.

ಕೆರಿಯನ ಕೈಯೇ. ಬಂದಿದ್ದಾರೆ. ಬಂದು, ತನ್ನನ್ನು ಕಾಣದೆ, ಹಿಡಿ ಕೂರಿಸಿ ಹೋಗಿದ್ದಾರೆ. ಬೇಲಿಯಾಚೆ ಅಡಿಕೆ ಹರವುತ್ತಿದ್ದ ಚೌಡಮ್ಮನನ್ನು ಕೂಗಿದಳು. "ಚೌಡಕ್ಕ, ನಮ್ಮನೆಗೆ ಯಾರು ಬಂದಿದ್ರು?"

"ಯಾರೂ ಇಲ್ವಲ ಮಾರಾಯ್ತಿ. ನಾ ಆವಾಗಿಂದ ಇಲ್ಲೇ ಇದ್ನಲ."

ಚೌಡಮ್ಮನ ಕಣ್ಣು ತಪ್ಪಿರಬಹುದು, ಹಿತ್ತಲಿನಿಂದ ಬಂದಿರಬಹುದು ಎಂದುಕೊಳ್ಳುತ್ತ ದುರ್ಗಿ ಆಸೆಯಿಂದ ಕತ್ತಿ ಎತ್ತಿಕೊಂಡಳು. ಎತ್ತಿದವಳ ಕೈ ಅಲ್ಲೇ ನಿಂತಿತು.

ಬಿಸಿಲಿಗೆ ಹಿಡಿಯೆಲ್ಲ ಒಣಗಿ ಗಟ್ಟಿಯಾಗಿತ್ತು. ಬೆರಳಿನ ಗುಳಿಗಳು ಮಾತ್ರ ಒದ್ದೆ. ಬರೀ ಒದ್ದೆಯಲ್ಲ, ಮಳೆಗಾಲದ ಹಳ್ಳದಷ್ಟು ತಣ್ಣಗೆ. ಎಷ್ಟೋ ಜನರ ಕೈ ಕೂರಿಸಿದವಳು ಅವಳು. ಜೀವವಿರುವ ಕೈ ಮೊದಲು ಒಣಗಿಸುವುದು ತನ್ನ ಬೆರಳಿನ ಅಡಿಯನ್ನೇ. ಮೈಯ ಬಿಸಿ ಅಲ್ಲಿ ತಾಗುತ್ತದೆ, ಉಳಿದ ಚರ್ಮ ಆಮೇಲೆ ಒಣಗುತ್ತದೆ. ಇದು ಉಲ್ಟಾ. ಸೆರಗಿನಿಂದ ಒರೆಸಿದಳು. ಗಿಡ್ಡ ಗುಳಿಯಲ್ಲಿ ನೀರು ಮತ್ತೆ ಜಿನುಗಿತು.

ಹೆದರಿಕೆ ಆಯಿತು, ಸುಳ್ಳು ಯಾಕೆ ಹೇಳಬೇಕು. ಕತ್ತಿ ಬಿಸಾಕಿ ಚೌಡಮ್ಮನ ಅಂಗಳಕ್ಕೆ ಓಡಬೇಕೆನಿಸಿತು. ಆದರೆ ಹೆದರಿಕೆಗಿಂತ ಹೆಚ್ಚು ಸಂಕಟವಾಯಿತು. ಮೂರು ವರ್ಷ ನೀರಿನಲ್ಲಿದ್ದಾರೆ, ತಾನು ಇಲ್ಲಿ ಕುಂಕುಮ ಇಟ್ಟುಕೊಂಡು, ಕೆಲಸಕ್ಕೆ ಹೋಗಿದ್ದಾರೆ ಎನ್ನುತ್ತ ಕೂತಿದ್ದೇನೆ. ಹೋಗು ಎಂದು ಬಾಯಿಬಿಟ್ಟು ಹೇಳಿದವರಿಲ್ಲ. ಪಾಪ, ಹೋಗುವುದಾದರೂ ಹೇಗೆ?

ದುರ್ಗಿ ಕಂಬಕ್ಕೆ ಒರಗಿ ಕೂತು, ಆ ಗುಳಿಗಳಲ್ಲಿ ತನ್ನ ಬೆರಳುಗಳನ್ನಿಟ್ಟು ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಚಳಿ ಮೊಣಕೈವರೆಗೆ ಏರಿತು. ಬಿಡಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮಾದೇವ ಬಂದಾಗಲೂ ಅವಳು ಹಾಗೆಯೇ ಕೂತಿದ್ದಳು. ಹಣೆಯಲ್ಲಿ ಕುಂಕುಮವಿರಲಿಲ್ಲ. ಅವನು ಅದನ್ನು ನೋಡಿ ಮೆಟ್ಟಿಲ ಮೇಲೆ ಕುಕ್ಕರಿಸಿದ.

"ಎರಡೂ ಪದರ ಬಿಚ್ಚಿ ಕೊಡ್ತೆ ಮಾದೇವ," ಎಂದಳು ದುರ್ಗಿ. "ಸ್ವಲ್ಪ ತಡಿ. ಇವ್ರ ಕೈ ಈಗಷ್ಟೇ ಬೆಚ್ಚಗಾಗ್ತಾ ಅದೆ."