ದೋಸೆ ಕಾವಲಿಯ ಮೇಲೆ ಬರ್ಗರು

ನಮ್ಮ ಸ್ಟಾರ್ಟಪ್ಪು ಒಂದು ಮಂಗಳವಾರ ಬಾಗಿಲು ಹಾಕಿಕೊಂಡಿತು. ಅಮೆರಿಕದ ರೆಡ್‌ವುಡ್ ಸಿಟಿಯ ಆ ಆಫೀಸಿನಲ್ಲಿ ಶುಕ್ರವಾರ ಬಂತೆಂದರೆ ಬಿಟ್ಟಿ ಬೀಫ್ ಬರ್ಗರು. ಕೆಲಸ ಹೋದದ್ದಕ್ಕಿಂತ ಆ ಬರ್ಗರು ಹೋದದ್ದೇ ನನ್ನನ್ನು ಹೆಚ್ಚು ಕಾಡುತ್ತಿತ್ತು, ನಾಚಿಕೆಗೆಟ್ಟ ನಾಲಿಗೆ. ನಾನು ಮಂಗಳೂರಿನ ಕ್ರೈಸ್ತ. ದನದ ಮಾಂಸ ನಮ್ಮ ಮನೆಯಲ್ಲಿ ಭಾನುವಾರದ ಊಟ.

ಅಲ್ಲೇ ಹತ್ತಿರದ ಸ್ಯಾನ್ ಮಟಿಯೋದ ಅಪಾರ್ಟ್‌ಮೆಂಟಿನಲ್ಲಿ ನನ್ನ ಜೊತೆಗಿದ್ದ ಗೆಳೆಯ ಬೆಂಗಳೂರಿನ ಬ್ರಾಹ್ಮಣರ ಹುಡುಗ. ನಮ್ಮಿಬ್ಬರ ಕರಾರು ಒಂದೇ: ನಾನು ಏನು ಬೇಕಾದರೂ ಬೇಯಿಸಿಕೊಳ್ಳಬಹುದು, ಆದರೆ ನನ್ನ ಪಾತ್ರೆಯಲ್ಲಿ. ಆ ಬೇಸಿಗೆಯಲ್ಲಿ ಅವನ ಅಮ್ಮ ಬಂದರು. ಹಳೆ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದಿದ್ದು ಒಂದು ಕಬ್ಬಿಣದ ದೋಸೆ ಕಾವಲಿ, ಅವರ ಅತ್ತೆಯದು. ಅದರ ಮೇಲೆ ಚಪಾತಿ ಸುಡಲಿಕ್ಕೂ ಬಿಡುತ್ತಿರಲಿಲ್ಲ. ಪ್ರತಿ ಶನಿವಾರ ನನ್ನ ತಟ್ಟೆಗೆ ಐದು ದೋಸೆ ಬೀಳುತ್ತಿತ್ತು. ಕೆಲಸ ಹೋದ ಮೇಲೆ ಏಳಾಯಿತು.

ಮನೆಯಲ್ಲಿ ಎರಡು ಸಲ ಬರ್ಗರು ಮಾಡಿ ನೋಡಿದೆ. ಈರುಳ್ಳಿ, ಕೊತ್ತಂಬರಿ, ಮೊಟ್ಟೆ, ಗರಂ ಮಸಾಲೆ ಎಲ್ಲ ಸುರಿದು ಚಪಾತಿ ಹಿಟ್ಟಿನ ಹಾಗೆ ನಾದಿದ್ದೆ. ಎರಡು ಸಲವೂ ಚಪ್ಪಲಿಯಂತಾಯಿತು. ಹಳೆಯ ಆಫೀಸಿನ ಅಮೆರಿಕದವನೊಬ್ಬನಿಗೆ ಫೋನು ಮಾಡಿದೆ. ಅವನು ಹೊಟ್ಟೆ ತುಂಬ ನಕ್ಕ. ಮಾಂಸವನ್ನು ನಾದಲೇಬೇಡ, ಮೆಲ್ಲಗೆ ತಟ್ಟಿ ನಡುವೆ ಹೆಬ್ಬೆರಳಿನಿಂದ ಒತ್ತು, ಒಲೆಗೆ ಹಾಕುವಾಗ ಉಪ್ಪು ಮೆಣಸು ಬಿಟ್ಟರೆ ಬೇರೇನೂ ಬೇಡ, ಆದರೆ ಹೊಗೆಯೇಳುವಷ್ಟು ಕಾದ ದಪ್ಪ ಕಬ್ಬಿಣ ಬೇಕೇ ಬೇಕು ಎಂದ.

ಮನೆಯಲ್ಲಿದ್ದ ದಪ್ಪ ಕಬ್ಬಿಣ ಒಂದೇ. ತಾಯಿ ಮಗ ದೇವಸ್ಥಾನಕ್ಕೆ ಹೋದ ಒಂದು ಶುಕ್ರವಾರ, ಬುದ್ಧಿ ಎಲ್ಲಿಗೆ ಮೇಯಲು ಹೋಗಿತ್ತೋ, ಕಾವಲಿಯನ್ನು ಒಲೆಗಿಟ್ಟೆ. ಸುಳ್ಳು ಯಾಕೆ ಹೇಳಲಿ, ಅಂಥ ಬರ್ಗರನ್ನು ಜನ್ಮದಲ್ಲಿ ತಿಂದಿರಲಿಲ್ಲ. ಅಂಚು ಗರಿಗರಿ, ಒಳಗೆ ಮೆತ್ತಗೆ. ಆಮೇಲೆ ಸೋಪು ಹಾಕಿ, ಸ್ಟೀಲ್ ಸ್ಕ್ರಬ್ಬರಿನಲ್ಲಿ ಕಾವಲಿಯನ್ನು ಗಸಗಸ ತಿಕ್ಕಿ, ಒರೆಸಿ, ಇದ್ದ ಜಾಗದಲ್ಲೇ ಇಟ್ಟೆ. ಯಾರಿಗೂ ಗೊತ್ತಾಗಲಿಲ್ಲವೆಂದು ನಿಶ್ಚಿಂತೆಯಾಗಿ ಮಲಗಿದೆ.

ಮರುದಿನ ಬೆಳಿಗ್ಗೆ ಮೊದಲ ದೋಸೆ ಮೇಲೇಳಲಿಲ್ಲ. ಎರಡನೆಯದು ಚೂರುಚೂರಾಯಿತು. ಅಮ್ಮ ಹಿಟ್ಟನ್ನು ಬೈದರು, ಅಮೆರಿಕದ ಅಕ್ಕಿಯನ್ನು ಬೈದರು. ನಾಲ್ಕನೆಯದೂ ಕಚ್ಚಿಕೊಂಡಾಗ ಸಟ್ಟುಗ ಕೆಳಗಿಟ್ಟು ತಮ್ಮ ಅಂಗೈ ನೋಡಿಕೊಂಡರು.

"ನನ್ನ ಕೈಯೇ ಕೆಟ್ಟೋಯ್ತು ಕಣೋ," ಎಂದರು ಮಗನಿಗೆ. ಕಣ್ಣಲ್ಲಿ ನೀರಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ನಾನು ಬಚಾವು. ಆದರೆ ಅವರು ಇನ್ನು ಜನ್ಮಪೂರ್ತಿ ತಮ್ಮ ಕೈಯನ್ನೇ ಅನುಮಾನಿಸಬೇಕು.

"ಆಂಟಿ, ನಿಮ್ಮ ಕೈ ಸರಿ ಉಂಟು," ಎಂದೆ. "ನಿನ್ನೆ ಅದರಲ್ಲಿ ನಾನು ಬೀಫು ಮಾಡಿದ್ದು. ಮತ್ತೆ ಸೋಪು ಹಾಕಿ ತಿಕ್ಕಿದೆ."

ಗೆಳೆಯನ ಮುಖದಲ್ಲಿ ರಕ್ತವೇ ಇರಲಿಲ್ಲ. ಅಮ್ಮ ಒಲೆ ಆರಿಸಿದರು. ಬಗ್ಗಿ ಕಾವಲಿಯನ್ನು ನೋಡಿದರು.

"ಸೋಪು ಹಾಕಿದ್ಯಾ?"

ಅಷ್ಟೇ ಕೇಳಿದ್ದು. ಬೈಗುಳಕ್ಕೆ, ಮನೆ ಬಿಡು ಎನ್ನುವ ಮಾತಿಗೆ ತಯಾರಾಗಿ ನಿಂತಿದ್ದ ನಾನು ದಂಗಾಗಿಹೋದೆ. ಅವರು ಒಳಗೆ ಹೋಗಿ ತಲೆಗೆ ಸ್ನಾನ ಮಾಡಿ ಬಂದರು. ಕಾವಲಿಯನ್ನು ಬಟ್ಟೆಯಲ್ಲಿ ಹಿಡಿದೆತ್ತಿ, ನನ್ನ ಪಾತ್ರೆಗಳಿದ್ದ ಕೆಳಗಿನ ಶೆಲ್ಫಿನಲ್ಲಿಟ್ಟರು.

"ಇನ್ಮೇಲೆ ಇದು ನಿಂದು ಕಣಪ್ಪ. ಎಣ್ಣೆ ಸವರಿ ಕಾಯಿಸ್ತಾ ಇರು, ಮತ್ತೆ ಪಳಗತ್ತೆ. ಸೋಪು ಮಾತ್ರ ಹಾಕ್ಬೇಡ."

ಊರಿಗೆ ಹೊರಡುವವರೆಗೂ ಶನಿವಾರ ನನ್ನ ತಟ್ಟೆಗೆ ಬಿಸಿ ಉಪ್ಪಿಟ್ಟು ಬಿತ್ತು, ಸಾಕೆಂದರೂ ಇನ್ನೊಂದು ಸೌಟು. ದೋಸೆ ಮಾತ್ರ ಅವರು ಮತ್ತೆ ಹುಯ್ಯಲಿಲ್ಲ. ನಾನು ಹೊಸ ಕಾವಲಿ ತಂದುಕೊಟ್ಟರೆ ಬೇಡವೆಂದರು. ಬೆಂಗಳೂರಿನಲ್ಲಿ ಒಂದು ಕೊಂಡರಂತೆ. ಅದು ಇನ್ನೂ ಕಚ್ಚುತ್ತದಂತೆ. ಇತ್ತ ನನ್ನ ಬರ್ಗರನ್ನು ತಿಂದವರೆಲ್ಲ ಹೊಗಳುತ್ತಾರೆ. ಚೆನ್ನಾಗಿ ಬರದೆ ಏನು, ಕಾವಲಿ ಅವರ ಅತ್ತೆಯದು.